ಕಡಲ ಗಾಳಿಗೆ ಬಂದ ಮಲೆನಾಡಿನ ಬೈಕು

ಚೆನ್ನೈನಲ್ಲಿ ಕಡಲಿಗೆ ಹತ್ತಿರ ಮನೆ ಮಾಡಿದವರಿಗೆ ತುಕ್ಕಿನ ಬಗ್ಗೆ ಯಾರೂ ಪಾಠ ಹೇಳಬೇಕಾಗಿಲ್ಲ. ಕಿಟಕಿ ಸರಳು, ಗೇಟಿನ ಚಿಲಕ, ಬಾಲ್ಕನಿಯಲ್ಲಿ ಬಟ್ಟೆ ಒಣಹಾಕುವ ಸ್ಟ್ಯಾಂಡು, ಒಂದೊಂದೂ ತನ್ನ ಸರದಿ ಬಂದಾಗ ಕೆಂಪಾಗುತ್ತದೆ. ತಿರುವಾನ್ಮಿಯೂರಿನಲ್ಲಿ ನಾವು ಬಾಡಿಗೆ ಕೊಡುವುದರಲ್ಲಿ ಅರ್ಧ ಸಂಜೆಯ ಗಾಳಿಗೆ. ಆ ಗಾಳಿಯೇ ಉಪ್ಪು ತಂದು ಕೆಳಗೆ ಪಾರ್ಕಿಂಗ್‌ನಲ್ಲಿ ನಿಂತ ಗಾಡಿಗಳ ಮೇಲೂ ಸವರಿ ಹೋಗುತ್ತದೆ.

ಅಲ್ಲಿ ನಿಂತಿರುವುದರಲ್ಲಿ ಒಂದು 1994ರ ಯಮಹಾ ಆರ್‌ಎಕ್ಸ್ 100. ನನ್ನದು ಅನ್ನುವುದಕ್ಕಿಂತ ಅಪ್ಪನದು ಅನ್ನಬೇಕು. ಕೊಪ್ಪದಿಂದ ಶೃಂಗೇರಿ, ತೀರ್ಥಹಳ್ಳಿ, ಆಗುಂಬೆ ಅಂತ ಅಪ್ಪ ಅದರಲ್ಲಿ ಎಷ್ಟು ಮಳೆಗಾಲ ಓಡಾಡಿದರೋ ಲೆಕ್ಕವಿಲ್ಲ. ಕಣ್ಣು ಮಂಜಾದ ಮೇಲೆ ಗಾಡಿ ನನಗೆ ಬಂತು. ಬೇರೆ ರಾಜ್ಯದಲ್ಲಿ 12 ತಿಂಗಳಿಗಿಂತ ಹೆಚ್ಚು ಇಟ್ಟುಕೊಂಡರೆ ಅಲ್ಲಿಯೇ ನೋಂದಣಿ ಮಾಡಿಸಬೇಕು ಎಂಬುದು ನಮ್ಮಂಥ ಹೊರನಾಡಿನವರಿಗೆಲ್ಲ ಗೊತ್ತಿರುವ ಕಷ್ಟ. ಊರಿನ ಆರ್‌ಟಿಒದಿಂದ ಎನ್‌ಒಸಿ ತಂದು, ಕೆಎ 18 ಹೋಗಿ ಟಿಎನ್ 07 ಆಯಿತು. ಹಳೆಯ ನಂಬರ್ ಪ್ಲೇಟನ್ನು ಅಪ್ಪ ಅಟ್ಟದ ಮೇಲೆ ಇಟ್ಟುಕೊಂಡಿದ್ದಾರೆ. ಕಾನೂನಿನ ಲೆಕ್ಕದಲ್ಲಿ ವಿಂಟೇಜ್ ಅನ್ನಿಸಿಕೊಳ್ಳಲು 50 ವರ್ಷ ತುಂಬಬೇಕು. ಆದರೆ 1996ರಲ್ಲೇ ತಯಾರಿಕೆ ನಿಂತ ಗಾಡಿಗೆ ಬಿಡಿಭಾಗ ಹುಡುಕಿ ಅಲೆದವರು ಆ ಲೆಕ್ಕ ಒಪ್ಪುವುದಿಲ್ಲ.

ಎರಡು ವರ್ಷದಿಂದ ಗಾಡಿಯ ಮುಂದಿನ ಫೋರ್ಕ್ ಸೋರುತ್ತಿತ್ತು. ಹೊಳೆಯುವ ಕೊಳವೆಯ ಸುತ್ತ ಮೊದಲು ಒಂದು ಎಣ್ಣೆ ಉಂಗುರ, ಅದಕ್ಕೆ ಅಂಟಿದ ಧೂಳು, ಆಮೇಲೆ ಕೆಳಗಿನ ಅಲ್ಯೂಮಿನಿಯಂ ಕಾಲಿನ ಮೇಲೆ ಉದ್ದಕ್ಕೆ ಇಳಿದ ಗೆರೆ. ಹತ್ತಿರದ ಗ್ಯಾರೇಜಿನವರು ಎರಡು ಸಲ ಸೀಲ್ ಬದಲಾಯಿಸಿದರು. ಎರಡು ಸಲವೂ ಆರು ತಿಂಗಳೊಳಗೆ ಮತ್ತೆ ಸೋರಿತು. ಮೂರನೆಯ ಸಲ ಹೋದಾಗ, "ಕೊಟ್ಟುಬಿಡಿ ಸಾರ್, ಈಗ ಇದಕ್ಕೆ ಒಳ್ಳೆಯ ರೇಟ್ ಇದೆ" ಅಂದರು.

ಫೋರ್ಕ್ ಸೋರಿದರೆ ನೆಲ ಕೊಳೆಯಾಗುತ್ತದೆ ಅಷ್ಟೇ ಅಂದುಕೊಳ್ಳುವವರಿದ್ದಾರೆ. ಹಾಗಲ್ಲ. ಒಳಗಿರುವ ಸ್ಪ್ರಿಂಗ್ ಹೊಡೆತ ನುಂಗುತ್ತದೆ, ಆದರೆ ನುಂಗಿದ್ದನ್ನು ಹಾಗೇ ವಾಪಸ್ ಎಸೆಯುತ್ತದೆ. ಅದನ್ನು ತಡೆಯುವುದು ಎಣ್ಣೆ. ಸಣ್ಣ ತೂತುಗಳಲ್ಲಿ ನುಸುಳಿ ಹೋಗಬೇಕಾದ್ದರಿಂದ ಅದು ಸ್ಪ್ರಿಂಗಿನ ಕುಣಿತಕ್ಕೆ ಕಡಿವಾಣ ಹಾಕುತ್ತದೆ. ಎಣ್ಣೆ ಹೋದರೆ ಮುಂದಿನ ಚಕ್ರ ರಸ್ತೆಯ ಮೇಲೆ ಕುಪ್ಪಳಿಸುತ್ತದೆ. ಇನ್ನೂ ಕೆಟ್ಟದ್ದೆಂದರೆ ಇಳಿದ ಎಣ್ಣೆ ಬ್ರೇಕ್ ಡ್ರಮ್ಮಿನೊಳಗೆ ಸೇರುವುದು. ಟೈಡಲ್ ಪಾರ್ಕ್ ಸಿಗ್ನಲ್ಲಿನಲ್ಲಿ ಮುಂದಿದ್ದ ನೀರಿನ ಟ್ಯಾಂಕರ್ ಒಮ್ಮೆಗೇ ನಿಂತಾಗ ನನ್ನ ಮುಂದಿನ ಬ್ರೇಕು ಹಿಡಿಯಲೇ ಇಲ್ಲ. ಹಿಂದಿನ ಬ್ರೇಕಿನಲ್ಲಿ ಜಾರಿಕೊಂಡು ಹೋಗಿ ಟ್ಯಾಂಕರಿನ ಒಂದಡಿ ಹಿಂದೆ ನಿಂತೆ. ಮುಂದಿನ ತಿಂಗಳು ಅಪ್ಪ ಕಣ್ಣಿನ ಆಪರೇಷನ್ನಿಗೆ ಬರುವವರಿದ್ದರು. ಬಂದರೆ ಆಟೋ ಹತ್ತುವ ಮನುಷ್ಯನಲ್ಲ, ಹಿಂದಿನ ಸೀಟಿನಲ್ಲೇ ಕೂರುವವರು.

ಶನಿವಾರ ಎಂಆರ್‌ಟಿಎಸ್ ರೈಲು ಹತ್ತಿ ಚಿಂತಾದ್ರಿಪೇಟೆಯಲ್ಲಿ ಇಳಿದೆ. ಅಲ್ಲಿಂದ ಕೂವಂ ದಾಟಿದರೆ ಪುದುಪೇಟೆ. ಬೆಂಗಳೂರಿನ ಜೆ.ಸಿ. ರಸ್ತೆ ನೋಡಿದವರಿಗೂ ಪುದುಪೇಟೆ ಬೇರೆಯೇ ಲೋಕ. ಇಲ್ಲಿ ಗಾಡಿಗಳು ಇಡಿಯಾಗಿ ಬಂದು ಬಿಡಿಯಾಗಿ ಹೋಗುತ್ತವೆ. ಒಂದು ಅಂಗಡಿಯ ಮುಂದೆ ಬರೀ ಬಾಗಿಲು, ಇನ್ನೊಂದರಲ್ಲಿ ಬರೀ ರೇಡಿಯೇಟರ್, ಮತ್ತೊಂದರಲ್ಲಿ ಬಾಳೆಗೊನೆಯ ಹಾಗೆ ನೇತುಹಾಕಿದ ಸೈಲೆನ್ಸರ್. ಕಾಲಿಟ್ಟಲ್ಲೆಲ್ಲ ಗ್ರೀಸ್ ಕುಡಿದ ಕರಿಮಣ್ಣು. ಪಕ್ಕದಲ್ಲಿ ಹೊಳೆಯ ವಾಸನೆ. ಅರ್ಧ ಗಂಟೆಯಲ್ಲಿ ಮೂಗು ಅದಕ್ಕೆ ಹೊಂದಿಕೊಳ್ಳುತ್ತದೆ. ತಮಿಳು, ದಖನಿ ಉರ್ದು, ನಡುವೆ ತೆಲುಗು. ಪಾರ್ಟುಗಳ ಹೆಸರು ಮಾತ್ರ ಎಲ್ಲ ಭಾಷೆಯಲ್ಲೂ ಒಂದೇ.

ನಾನು ಕೇಳಿದ್ದು ಸೀಲಲ್ಲ, ಕೊಳವೆ. ಅಂಗಡಿಯ ಹಿರಿಯರು ನನ್ನ ತಮಿಳು ಕೇಳಿ ನಕ್ಕು, ಕನ್ನಡಕ್ಕೆ ತಿರುಗಿದರು. ಹುಡುಗರಾಗಿದ್ದಾಗ ಕಲಾಸಿಪಾಳ್ಯದಲ್ಲಿ ಕೆಲಸ ಕಲಿತವರಂತೆ. ಗಾಡಿ ಎಲ್ಲಿ ನಿಲ್ಲಿಸುತ್ತೀರಿ ಎಂದು ಮೊದಲು ಕೇಳಿದರು. ತಿರುವಾನ್ಮಿಯೂರ್ ಅಂದೆ. "ಹಾಗಾದ್ರೆ ಸೀಲ್‌ದು ತಪ್ಪಲ್ಲ" ಅಂದರು.

ಅವರು ಹೇಳಿದ್ದನ್ನು ನಾನು ನಂತರ ಭೂತಗನ್ನಡಿ ಹಿಡಿದು ನೋಡಿ ಖಚಿತಪಡಿಸಿಕೊಂಡೆ. ಉಕ್ಕಿನ ಕೊಳವೆಯ ಮೇಲಿನ ಕ್ರೋಮ್ ಲೇಪನ ಗಟ್ಟಿ, ಆದರೆ ಅದರಲ್ಲಿ ಕಣ್ಣಿಗೆ ಕಾಣದ ಬಿರುಕುಗಳಿರುತ್ತವೆ. ಉಪ್ಪಿನ ತೇವ ಅಲ್ಲಿಂದ ಇಳಿದು ಕೆಳಗಿನ ಉಕ್ಕನ್ನು ತಿನ್ನುತ್ತದೆ. ತುಕ್ಕು ಉಬ್ಬಿ ಲೇಪನ ಒಡೆದರೆ ಗುಂಡುಸೂಜಿ ತಲೆಯಷ್ಟು ಕುಳಿ, ಅದರ ಸುತ್ತ ಚೂಪು ಅಂಚು. ಗುಂಡಿಗೆ ಬಿದ್ದಾಗಲೆಲ್ಲ ರಬ್ಬರ್ ಸೀಲಿನ ತುಟಿ ಆ ಅಂಚಿನ ಮೇಲೆ ಉಜ್ಜಿಕೊಂಡು ಹರಿಯುತ್ತದೆ. ಎಷ್ಟು ಹೊಸ ಸೀಲ್ ಹಾಕಿದರೂ ಅಷ್ಟೇ. ಮಲೆನಾಡಿನ ಮಳೆ ಎಷ್ಟು ಸುರಿದರೂ ಅದು ಸಿಹಿನೀರು, ಬಿದ್ದು ತೊಳೆದುಕೊಂಡು ಹೋಗುತ್ತದೆ. ಅಲ್ಲಿ ಕಾಲು ಶತಮಾನ ತಾಳಿದ ಕ್ರೋಮ್ ಇಲ್ಲಿ ನಾಲ್ಕು ವರ್ಷಕ್ಕೆ ಸೋತಿತ್ತು.

ಅವರ ಹತ್ತಿರ ಎರಡು ಜೊತೆ ಕೊಳವೆ ಇತ್ತು, ಎರಡೂ ಇದೇ ಊರಿನ ಗಾಳಿ ಕುಡಿದವು. ಉಗುರಿನಿಂದ ಸವರಿ ತೋರಿಸಿ, "ನಿಮ್ಮದೇ ಇದಕ್ಕಿಂತ ಚೆನ್ನಾಗಿರುತ್ತೆ, ಮೊದಲು ಬಿಚ್ಚಿ ನೋಡಿ" ಅಂದರು. ವ್ಯಾಪಾರ ಬೇಡ ಅನ್ನುವ ವ್ಯಾಪಾರಿ. ಸೀಲುಗಳನ್ನು ಮೌಂಟ್ ರೋಡ್ ಕಡೆಯ ಜನರಲ್ ಪ್ಯಾಟರ್ಸ್ ರಸ್ತೆಯಲ್ಲಿ ಕೊಂಡೆ. ಸೀಲಿನ ಮೈಮೇಲೆ ಒಳ ವ್ಯಾಸ, ಹೊರ ವ್ಯಾಸ, ದಪ್ಪ ಎಂದು ಮೂರು ಸಂಖ್ಯೆ ಅಚ್ಚಾಗಿರುತ್ತವೆ. ಹಳೆಯದರ ಜೊತೆ ಮೂರೂ ತಾಳೆಯಾದರೆ ಸರಿ. "ಇದೂ ಆಗುತ್ತೆ" ಎಂಬ ಮಾತಿಗೆ ಕಿವಿಗೊಡಬಾರದು. ಜೊತೆಗೆ 10 ಗ್ರೇಡಿನ ಫೋರ್ಕ್ ಆಯಿಲ್, ತಾಮ್ರದ ವಾಷರ್, ಹೊಸ ಬ್ರೇಕ್ ಶೂ. ಎಣ್ಣೆ ಕುಡಿದ ಶೂ ತೊಳೆದು ಹಾಕುವ ಉಳಿತಾಯ ಬೇಡ.

ಭಾನುವಾರ ಬೆಳಿಗ್ಗೆ ಪಾರ್ಕಿಂಗ್‌ನಲ್ಲಿ ಹಳೆಯ ಬೆಡ್‌ಶೀಟ್ ಹಾಸಿ ಕೂತೆ. ವಾಚ್‌ಮನ್ ಕುರ್ಚಿ ಎಳೆದುಕೊಂಡು ಬಂದ. ಮನೆಯಲ್ಲಿ ಮಾಡುವವರಿಗೆ ಒಂದು ಮಾತು: ಚಕ್ರ ಬಿಚ್ಚುವ ಮೊದಲೇ, ಸ್ಪ್ರಿಂಗಿನ ಒತ್ತಡ ಇರುವಾಗಲೇ, ಕಾಲಿನ ತುದಿಯಲ್ಲಿರುವ ಅಲೆನ್ ಬೋಲ್ಟನ್ನು ಸ್ವಲ್ಪ ಸಡಿಲಿಸಿಕೊಳ್ಳಿ. ಆಮೇಲಾದರೆ ಒಳಗಿನ ಡ್ಯಾಂಪರ್ ರಾಡ್ ಬೋಲ್ಟಿನ ಜೊತೆಗೇ ಗಿರಗಿರ ತಿರುಗುತ್ತದೆ. ನನ್ನ ಎಡಗಾಲಿನದು ಆಗಲೂ ತಿರುಗಿತು. ಕಸಬರಿಗೆಯ ಮರದ ಹಿಡಿಯ ತುದಿ ಕೆತ್ತಿ ಚೂಪು ಮಾಡಿ, ಕೊಳವೆಯೊಳಗೆ ಇಳಿಸಿ ರಾಡಿನ ತಲೆಗೆ ಒತ್ತಿ ಹಿಡಿಯಲು ವಾಚ್‌ಮನ್‌ಗೆ ಕೊಟ್ಟೆ. ಅವನು ಹಿಡಿದ, ನಾನು ತಿರುಗಿಸಿದೆ, ಬಿಟ್ಟಿತು. ಹೊರಬಂದ ಎಣ್ಣೆ ಎಣ್ಣೆಯಂತಿರಲಿಲ್ಲ, ರಾಗಿ ಗಂಜಿಯ ಬಣ್ಣ.

ಕೊಳವೆಗಳನ್ನು ಸೀಮೆಎಣ್ಣೆಯಲ್ಲಿ ತೊಳೆದು ಟೇಬಲಿನ ಗಾಜಿನ ಮೇಲೆ ಉರುಳಿಸಿದೆ, ಬಾಗಿರಲಿಲ್ಲ. ಎಡಗಡೆಯದರಲ್ಲಿ ಎರಡು ಕುಳಿ, ಬಲಗಡೆಯದರಲ್ಲಿ ಒಂದು. ಸೀಲು ಓಡಾಡುವ ಜಾಗ ಯಾವುದು ಎಂಬುದೇ ಇಲ್ಲಿ ಮುಖ್ಯ. ಎಡಗಡೆಯ ಒಂದು ಕುಳಿ ಮೇಲೆ, ಸೀಲು ಎಂದೂ ತಲುಪದ ಎತ್ತರದಲ್ಲಿತ್ತು, ಅದನ್ನು ಮುಟ್ಟಲಿಲ್ಲ. ಉಳಿದೆರಡರ ತುಕ್ಕು ಕೆರೆದು, ಅಂಚನ್ನು ನಯವಾದ ಎಮರಿ ಕಾಗದದಲ್ಲಿ ತಗ್ಗಿಸಿ, ಅರಾಲ್ಡೈಟ್ ತುಂಬಿ, ರಾತ್ರಿಯಿಡೀ ಒಣಗಲು ಬಿಟ್ಟು ಮತ್ತೆ ಉಜ್ಜಿದೆ. ಉಗುರು ಎಲ್ಲೂ ತಡೆಯಬಾರದು. ಇದು ಶಾಶ್ವತ ಪರಿಹಾರ ಅಂತ ನಾನೇನೂ ಹೇಳುವುದಿಲ್ಲ. ಹೊಸ ಕ್ರೋಮ್ ಹಾಕಿಸುವುದೇ ಸರಿಯಾದ ದಾರಿ. ಆದರೆ ಅದಕ್ಕೆ ವಾರಗಟ್ಟಲೆ ಬೇಕು, ಅಪ್ಪನ ಟಿಕೆಟ್ ಆಗಲೇ ಬುಕ್ ಆಗಿತ್ತು.

ಸೀಲು ಕೂರಿಸುವುದು ತಾಳ್ಮೆಯ ಕೆಲಸ. ಸ್ಪ್ರಿಂಗ್ ಕಾಣುವ ಬದಿ ಕೆಳಗೆ, ಎಣ್ಣೆಯ ಕಡೆಗೆ. ಕೊಳವೆಯ ತುದಿಗೆ ಹಾಲಿನ ಪ್ಯಾಕೆಟ್ ಸುತ್ತಿ, ಗ್ರೀಸ್ ಸವರಿ, ಅದರ ಮೇಲಿಂದ ಸೀಲನ್ನು ಜಾರಿಸಿದರೆ ತುಟಿ ಹರಿಯುವುದಿಲ್ಲ. ಹಳೆಯ ಸೀಲನ್ನು ಮೇಲಿಟ್ಟು, ಸರಿಯಾದ ಅಗಲದ ಪಿವಿಸಿ ಪೈಪಿನ ತುಂಡಿನಿಂದ ಸುತ್ತಲೂ ಸಮನಾಗಿ ತಟ್ಟುತ್ತ ಹೋಗಬೇಕು. ಕೂತಾಗ ಸದ್ದು ಬದಲಾಗುತ್ತದೆ, ಮಡಕೆ ತಟ್ಟಿದ ಸದ್ದು ಹೋಗಿ ಕಲ್ಲು ತಟ್ಟಿದ ಸದ್ದು. ಎಣ್ಣೆಯನ್ನು ಮಗಳ ಕೆಮ್ಮಿನ ಔಷಧಿಯ ಲೋಟದಲ್ಲಿ ಅಳೆದು ಎರಡು ಕಾಲಿಗೂ ಒಂದೇ ಸಮ ಹಾಕಿದೆ. ಹೆಂಡತಿ ಆ ಲೋಟವನ್ನು ಮತ್ತೆ ಮನೆಯೊಳಗೆ ಸೇರಿಸಲಿಲ್ಲ.

ಅಪ್ಪ ಬಂದ ದಿನ ಸೆಂಟ್ರಲ್ ಸ್ಟೇಷನ್ನಿನಿಂದ ಟ್ಯಾಕ್ಸಿಯಲ್ಲಿ ಕರೆತಂದೆ, ಸಾಮಾನಿತ್ತು ಎಂಬ ನೆಪ. ಮನೆಗೆ ಹತ್ತುವ ಮೊದಲು ಪಾರ್ಕಿಂಗ್‌ಗೆ ಹೋದರು. ನಂಬರ್ ಪ್ಲೇಟ್ ಕಡೆ ನೋಡಲಿಲ್ಲ, ನೋಡಿದ್ದರೂ ಕಾಣಿಸುತ್ತಿರಲಿಲ್ಲವೋ ಏನೋ. ಬಗ್ಗಿ, ಹೆಬ್ಬೆರಳಿನಿಂದ ಎಡಗಡೆಯ ಕೊಳವೆಯನ್ನು ಕೆಳಗಿನಿಂದ ಮೇಲಕ್ಕೆ ನಿಧಾನವಾಗಿ ಸವರಿದರು. ಅರಾಲ್ಡೈಟ್ ತುಂಬಿದ ಜಾಗ ದಾಟಿತು, ಬೆರಳು ನಿಲ್ಲಲಿಲ್ಲ. ಮೇಲೆ ಹೋಗಿ ನಿಂತಿತು.

"ಇಲ್ಲೇನೋ ಆಗಿದೆಯಲ್ಲ."

"ಸೀಲು ಅಲ್ಲಿವರೆಗೆ ಬರಲ್ಲ ಅಪ್ಪ."

ಸೀಟಿನ ಮೇಲೆ ಕೂತು, ಮುಂದಿನ ಬ್ರೇಕ್ ಹಿಡಿದು ಹ್ಯಾಂಡಲ್ ಮೇಲೆ ಭಾರ ಬಿಟ್ಟು ಮೂರು ಸಲ ಒತ್ತಿದರು. ಗಾಡಿ ಪ್ರತಿ ಸಲವೂ ಇಳಿದು, ಆತುರವಿಲ್ಲದೆ ಎದ್ದು ನಿಂತಿತು. ಇಳಿದು ಮತ್ತೆ ಸೀಲಿನ ಸುತ್ತ ಬೆರಳಾಡಿಸಿ, ಹೆಬ್ಬೆರಳು ತೋರುಬೆರಳು ಉಜ್ಜಿ ನೋಡಿದರು. ಒಣಗಿತ್ತು.

"ಚೈನಿಗೆ ಎಣ್ಣೆ ಹಾಕಿ ಎಷ್ಟು ದಿನ ಆಯ್ತು?" ಅಂತ ಕೇಳಿ ಲಿಫ್ಟಿನ ಕಡೆ ನಡೆದರು.