ಐದನೂರು ಮಂದಿ, ಒಂದು ಕ್ವಿಂಟಲ್ ಬರ್ಫ

ಏಪ್ರಿಲ್ ಬಂತೆಂದರೆ ಸೊಲ್ಲಾಪುರ, ಅಕ್ಕಲಕೋಟೆಯ ಮಂಗಲ ಕಾರ್ಯಾಲಯಗಳಿಗೆ ಬಿಡುವಿಲ್ಲ, ಬಿಸಿಲಿಗೂ ಬಿಡುವಿಲ್ಲ. ಉಷ್ಣತೆ 42 ಡಿಗ್ರಿ ಮುಟ್ಟಿದ ಮಧ್ಯಾಹ್ನ ಅಕ್ಷತೆ ಬಿದ್ದು ಮಂದಿ ಪಂಕ್ತಿಗೆ ಕೂಡ್ರುವಾಗ ಎಲ್ಲರ ಕಣ್ಣು ಮಠ್ಠಾದ ಪಾತೇಲಿಯ ಮೇಲೆ. ಶುಂಠಿ, ಜೀರಿಗೆ, ಕೊತ್ತಂಬರಿ ಬಿದ್ದ ಆ ಮಜ್ಜಿಗೆ ತಣ್ಣಗಿದ್ದರೆ ಬೀಗರ ಮನಸ್ಸೂ ತಣ್ಣಗೆ. ಹಾಗಾಗಿ ಮದುವೆಯ ಹಿಂದಿನ ಸಂಜೆ ಒಂದು ಪ್ರಶ್ನೆ ಏಳಲೇಬೇಕು.

“ಕಾಕಾ, ಐದನೂರು ಮಂದಿಗೆ ಎಷ್ಟ ಬರ್ಫ ಹೇಳೂಣ್ರಿ?”

“ಮಠ್ಠಾ ಎಷ್ಟ ಲೀಟರ್ ಮಾಡಾವ್ರು? ಮೊದಲ ಅದನ್ನ ಹೇಳಪಾ.”

ಕಾಕಾ ಕೇಳಿದ್ದೇ ಸರಿಯಾದ ಪ್ರಶ್ನೆ. ತಲೆಗೆ ಎರಡು ಗ್ಲಾಸು, ಅಂದರೆ 400 ಮಿಲಿ ಹಿಡಿದರೆ 200 ಲೀಟರ್ ಮಠ್ಠಾ ಬೇಕು. ಒಂದು ಕಿಲೊ ಬರ್ಫ ಕರಗುವಾಗ 80 ಕಿಲೊ ಕ್ಯಾಲೊರಿ ಶಾಖ ಹೀರುತ್ತದೆ; ಕರಗಿದ ನೀರು ಸೊನ್ನೆಯಿಂದ 10 ಡಿಗ್ರಿಗೆ ಏರುವಾಗ ಇನ್ನೂ ಹತ್ತು. 35 ಡಿಗ್ರಿಯ ಮಜ್ಜಿಗೆಯನ್ನು 10 ಡಿಗ್ರಿಗೆ ಇಳಿಸಬೇಕಾದರೆ ಲೀಟರಿಗೆ ಸುಮಾರು 25 ಕಿಲೊ ಕ್ಯಾಲೊರಿ ತೆಗೆಯಬೇಕು. ಲೆಕ್ಕ ಕೂಡಿಸಿದರೆ 155 ಲೀಟರ್ ಮಜ್ಜಿಗೆಗೆ 45 ಕಿಲೊ ಬರ್ಫ. ಎರಡೂ ಸೇರಿ 200 ಲೀಟರ್.

ಆ 45 ಕಿಲೊ ಕೊನೆಗೆ ನೀರೇ ಆಗುತ್ತದೆ. ಅನುಭವಿ ಆಚಾರಿ ಅದಕ್ಕೇ ಮಜ್ಜಿಗೆಯನ್ನು ಗಟ್ಟಿಯಾಗಿ ಕಡೆದು, ಉಪ್ಪು ಒಂದು ಹಿಡಿ ಮುಂದಾಗಿ ಹಾಕುತ್ತಾನೆ. ಮೊದಲೇ ತೆಳ್ಳಗೆ ಮಾಡಿ ಮೇಲೆ ಬರ್ಫ ಸುರಿದರೆ ಎರಡನೇ ಪಂಕ್ತಿಗೆ ಬರುವುದು ಬಿಳಿ ನೀರು.

ಪಾತೇಲಿಯ ಬಿಸಿ, ಸುತ್ತಲಿನ ಗಾಳಿ ತಮ್ಮ ಪಾಲು ಕೇಳುತ್ತವೆ. ಅದಕ್ಕೆಂದು ಹತ್ತು ಕಿಲೊ ಹೆಚ್ಚಿಗೆ. 200 ಮಿಲಿಯ ಐದನೂರು ನೀರಿನ ಬಾಟಲಿಗಳನ್ನು ಟಬ್‌ನಲ್ಲಿ ತಂಪು ಮಾಡಲು 30 ಕಿಲೊ, ಊಟ ಮುಗಿಯುವವರೆಗೆ ಹಾಗೇ ಇಡಲು ಇನ್ನೂ 15. ಒಟ್ಟು ಒಂದು ಕ್ವಿಂಟಲ್.

ಇದು ಕಾರ್ಯಾಲಯದ ಬಾಗಿಲು ಮುಟ್ಟಿದ ಮೇಲಿನ ತೂಕ. ದಾರಿಯಲ್ಲಿ ಕರಗುವುದು ಬೇರೆ. 1833ರ ಮೇ ತಿಂಗಳಲ್ಲಿ ಅಮೆರಿಕದ ಬರ್ಫ ವ್ಯಾಪಾರಿ ಫ್ರೆಡರಿಕ್ ಟ್ಯೂಡರ್ ಬಾಸ್ಟನ್‌ನಿಂದ ‘ಟಸ್ಕನಿ’ ಹಡಗಿನಲ್ಲಿ ಕಳಿಸಿದ 180 ಟನ್ ಬರ್ಫದಲ್ಲಿ ಸುಮಾರು 100 ಟನ್ ನಾಲ್ಕು ತಿಂಗಳ ನಂತರ ಕಲಕತ್ತೆ ಮುಟ್ಟಿತ್ತು. ಒತ್ತಾಗಿ ಪೇರಿಸಿ, ಗಾಳಿಯಾಡದಂತೆ ಮುಚ್ಚಿದ್ದೇ ಅದನ್ನು ಉಳಿಸಿತ್ತು. ಇವತ್ತಿಗೂ ಕಟ್ಟಿಗೆ ಹೊಟ್ಟು, ಗೋಣಿತಟ್ಟು ಮಾಡುವ ಕೆಲಸ ಅದೇ. ಘನಾಕಾರದ ಲಾದಿಯನ್ನು ಎಂಟು ಸಮ ತುಂಡು ಮಾಡಿದರೆ ಗಾಳಿಗೆ ಒಡ್ಡುವ ಮೈ ಇಮ್ಮಡಿಯಾಗುತ್ತದೆ. ಆದ್ದರಿಂದ ಲಾದಿ ಇಡಿಯಾಗಿಯೇ ಬರಬೇಕು. ಒಡೆಯುವುದು ಬಡಿಸುವ ಮುಂಚೆ.

ಆರ್ಡರ್ ಕೊಡುವಾಗ ಇನ್ನೊಂದು ಮಾತು ಖಚಿತ ಮಾಡಿಕೊಳ್ಳಬೇಕು. 2018ರಿಂದ ಮಹಾರಾಷ್ಟ್ರದಲ್ಲಿ ತಿನ್ನಲು ಬಾರದ ಬರ್ಫಕ್ಕೆ ನೀಲಿ ಬಣ್ಣ ಸೇರಿಸುವುದು ಕಡ್ಡಾಯ. ನೀಲಿ ಲಾದಿ ಮಠ್ಠಾದ ಹತ್ತಿರವೂ ಸುಳಿಯಬಾರದು. ಬಾಟಲಿಯ ಟಬ್ಬಿಗೂ ಬೇಡ, ಬಾಟಲಿಯ ಬಾಯಿಗೆ ಅದೇ ನೀರು ತಗಲುತ್ತದೆ. ಬಿಳಿ ಬಣ್ಣ ಕಂಡ ಮಾತ್ರಕ್ಕೆ ಶುದ್ಧವೆಂದೂ ಅಲ್ಲ. ಕುಡಿಯುವ ನೀರಿನಿಂದ ಮಾಡಿದ್ದೇ ಎಂದು ಕಾರ್ಖಾನೆಯಲ್ಲೇ ಕೇಳಿಕೊಳ್ಳಬೇಕು.

ಕ್ವಿಂಟಲ್ಲಿನಲ್ಲಿ ಹದಿನೈದು ಕಿಲೊ ಗೋಣಿ ಬಿಚ್ಚದೆ ತೆಗೆದಿಡುವುದು ಒಳ್ಳೆಯದು. ಮೂರೂವರೆಗೆ ಕೊನೆಯ ಪಂಕ್ತಿ ಕೂಡ್ರುತ್ತದೆ: ಬೆಳಗಿನಿಂದ ಒಲೆ ಮುಂದೆ ನಿಂತವರು, ಬಡಿಸಿದ ಹುಡುಗರು, ಮನೆಯ ಹೆಣ್ಣುಮಕ್ಕಳು. ಅವರ ಗ್ಲಾಸಿನ ಮಠ್ಠಾಕ್ಕೂ ಹೊಸ ಬರ್ಫ ಬೀಳಬೇಕು.