ಹೊಸಿಲೂ ಸೊಂಟವೂ

ಶಿವಮೊಗ್ಗದ ಡಾಕ್ಟರು ಬದಲಿಸಲಿದ್ದದ್ದು ನನ್ನ ಬಲಸೊಂಟದ ಒಂದೇ ಕೀಲು. ಅವರು ಕೊಟ್ಟ ಸೂಚನೆಯ ಹಾಳೆ ಓದಿದ ಮೇಲೆ, ಉಳವಿಯಲ್ಲಿರುವ ನಮ್ಮ ಮನೆಗೂ ಆಪರೇಶನ್ ಆಗದೆ ಗತಿಯಿಲ್ಲವೆಂದು ಗೊತ್ತಾಯಿತು. ಆರರಿಂದ ಹನ್ನೆರಡು ವಾರ ಸೊಂಟವನ್ನು ತೊಂಬತ್ತು ಡಿಗ್ರಿಗಿಂತ ಹೆಚ್ಚು ಮಡಚಕೂಡದು, ಚಕ್ಕಳಮಕ್ಕಳ ಹಾಕಕೂಡದು, ಕುಕ್ಕರಗಾಲು ಕೂಡದು, ಕೂರುವ ಜಾಗ ಮೊಣಕಾಲಿಗಿಂತ ಎತ್ತರವಿರಬೇಕು.

ನಮ್ಮದೋ ಪೂರಾ ನೆಲದ ಮನೆ. ಊಟಕ್ಕೆ ಮಣೆ, ನಿದ್ದೆಗೆ ಚಾಪೆ, ತರಕಾರಿಗೆ ಈಳಿಗೆಮಣೆ, ಅಡಿಕೆಗೆ ಮೆಟ್ಟುಗತ್ತಿ. ಕಕ್ಕಸಿನ ವಿಷಯ ಹೇಳುವುದೇ ಬೇಡ. ಮನುಷ್ಯನ ಮೊಣಕಾಲು ಸಾಯುವ ತನಕ ಮಡಚುತ್ತಲೇ ಇರುತ್ತದೆ ಎಂಬ ನಂಬಿಕೆಯ ಮೇಲೆ ನಮ್ಮಜ್ಜ ಇದನ್ನು ಕಟ್ಟಿಸಿದಂತಿದೆ.

ಹಾಸಿಗೆ ಹಿಡಿಯುವ ಮೊದಲು ಈ ಕೀಲಿನ ಪೂರ್ವೋತ್ತರ ಓದಿಕೊಂಡೆ. ಮೇಷ್ಟರಾಗಿದ್ದವನ ಚಟ. 1890ರ ಸುಮಾರಿಗೆ ಬರ್ಲಿನ್ನಿನ ಥೆಮಿಸ್ಟೊಕ್ಲಿಸ್ ಗ್ಲುಕ್ ಆನೆಯ ದಂತದಲ್ಲಿ ಕೀಲು ಮಾಡಿಸಿ ಕೂರಿಸಿದನಂತೆ. ಗಂಧದ ಕೆತ್ತನೆಯ ಗುಡಿಗಾರರಿರುವ ಸೊರಬ ಸೀಮೆಯವನಾದ ನನಗೆ ಇದು ವಿಚಿತ್ರ ಎನಿಸಲಿಲ್ಲ. ಕೈಯಲ್ಲಿ ಕೆಲಸವಿದ್ದವನು ಸೊಂಟವನ್ನೂ ಕೆತ್ತಿಯಾನು. 1946ರಲ್ಲಿ ಪ್ಯಾರಿಸ್ಸಿನ ಜ್ಯೂದೆ ಸೋದರರು ಅಕ್ರಿಲಿಕ್ಕಿನ ಗುಂಡು ಹಾಕತೊಡಗಿದರು. ಅದನ್ನು ಹಾಕಿಸಿಕೊಂಡಿದ್ದ ಒಬ್ಬಾತ ಊಟದ ಮೇಜಿನಲ್ಲಿ ಉಪ್ಪಿಗೆಂದು ಮುಂದೆ ಬಾಗಿದರೆ ಸಾಕು, ಸೊಂಟ ಕಿರ್ರೆನ್ನುತ್ತಿತ್ತು. ತಡೆಯಲಾರದೆ ಹೆಂಡತಿ ಎದ್ದು ಹೋಗುತ್ತಿದ್ದಳಂತೆ! ಇಂಗ್ಲೆಂಡಿನ ಜಾನ್ ಚಾರ್ನ್ಲಿ ಆ ಕಿರುಗುಟ್ಟುವಿಕೆಯನ್ನೇ ಹಿಡಿದು, ತಪ್ಪಿರುವುದು ಉಜ್ಜಾಟದಲ್ಲಿ ಎಂದು ಕಂಡುಕೊಂಡ. ಮೊದಲು ಟೆಫ್ಲಾನಿನ ಬಟ್ಟಲು ಮಾಡಿ ನೋಡಿದ. ಅದು ಸವೆದು ರೋಗಿಗಳು ನರಳಿದರು. 1962ರಲ್ಲಿ, ಜವಳಿ ಮಗ್ಗದ ಹಲ್ಲುಚಕ್ರಗಳಿಗೆ ಬಳಸುವ ಗಟ್ಟಿ ಪಾಲಿಎಥಿಲೀನನ್ನು ಒಬ್ಬ ಮಾರಾಟಗಾರ ತಂದು ತೋರಿಸಿದ. ಅದೇ ನಿಂತಿತು. ಉಕ್ಕಿನ ಸಣ್ಣ ಗುಂಡು, ಪ್ಲಾಸ್ಟಿಕ್ಕಿನ ಬಟ್ಟಲು.

ನಮ್ಮ ಪಡಸಾಲೆಯ ಬಾಗಿಲಿನ ಕೆಳಮೂಲೆಯ ಗೂಟ ದಾರಂದದ ಕುಳಿಯಲ್ಲಿ ತಿರುಗುವುದೂ ಹೀಗೇ. ಕಿರ್ರೆಂದಾಗ ಒಂದು ತೊಟ್ಟು ಕೊಬ್ಬರಿ ಎಣ್ಣೆ ಬಿಟ್ಟರೆ ಮುಗಿಯಿತು. ಡಾಕ್ಟರಿಗೆ ಇದನ್ನು ಹೇಳಿದೆ, ನಗಲಿಲ್ಲ.

ಮನೆಯ ಆಪರೇಶನ್ ಆಚಾರಿಯ ಪಾಲಿಗೆ ಬಂತು. ಮಂಚದ ಕಾಲಿಗೆ ಮರದ ದಿಮ್ಮಿ, ಕುರ್ಚಿಗೂ ಹಾಗೇ. ಚಾಪೆ, ಕಾಲೊರಸು, ನಾಯಿ, ಎಲ್ಲಕ್ಕೂ ಜಗಲಿಯಾಚೆ ಗಡೀಪಾರು. ಬಚ್ಚಲಿನ ಪಾಚಿ ತಿಕ್ಕಿಸಿ ಗೋಡೆಗೆ ಹಿಡಿಕೆ ಹೊಡೆಸಿದ್ದಾಯಿತು. ಕಕ್ಕಸಿನ ಗುಂಡಿಯ ಮೇಲೆ ನಡು ತೂತಿನ ಕುರ್ಚಿ ಬಂದು ಕೂತಿತು. ಬಿದ್ದದ್ದನ್ನು ಬಗ್ಗದೆ ಎತ್ತಲು ಪೇಟೆಯಲ್ಲಿ ಇಕ್ಕಳದಂಥ ಕೋಲು ಸಿಗುತ್ತದೆ. ನಾನು ನಿಂಬೆಹಣ್ಣಿನ ಗಿಡ್ಡ ದೋಟಿಯನ್ನೇ ಮಂಚಕ್ಕೆ ಒರಗಿಸಿಕೊಂಡೆ. ಟವೆಲಿಗೆ ಅದು ಧಾರಾಳ ಸಾಕು.

ತಕರಾರು ಬಂದದ್ದು ಹೊಸಿಲಿನದು. ಆರಿಂಚು ಎತ್ತರ. ಹಾವು, ಚೇಳು, ಮಳೆನೀರು ಒಳಬಾರದಿರಲೆಂದು ಮಲೆನಾಡಿನವರು ಇಡಿಸಿದ್ದು, ವಾಕರನ್ನೂ ಬಿಡುವುದಿಲ್ಲ.

"ಕೊಯ್ದು ತಗ್ಗಿಸಿಬಿಡ್ಲಾ ಮೇಷ್ಟ್ರೇ?" ಅಂದ ಆಚಾರಿ.

ದಿನಾ ರಂಗೋಲಿ ಎಳೆದು ಅರಿಶಿನ ಹಚ್ಚುವ ನನ್ನ ಹೆಂಡತಿ ಒಳಗಿಂದಲೇ, "ಹೊಸಿಲಿಗೆ ಗರಗಸ ಮುಟ್ಟಿಸಿದ್ರೆ ನೋಡು" ಅಂದಳು.

ಇಳಿಜಾರು ಹಲಗೆ ಇಡೋಣವೆಂದರೆ, ಸರಿಯಾದ ಲೆಕ್ಕ ಒಂದಕ್ಕೆ ಹನ್ನೆರಡು. ಆರಿಂಚಿಗೆ ಆರಡಿ ಉದ್ದ.

"ಹಂಗಾದ್ರೆ ನೀವು ಸೀದಾ ತುಳಸಿಕಟ್ಟೆ ಹತ್ರ ಇಳೀತೀರಿ" ಅಂದ ಆಚಾರಿ. ಕೊನೆಗೆ ಹೊಸಿಲಿನ ಎರಡೂ ಬದಿಗೆ, ವಾಕರಿನ ನಾಲ್ಕೂ ಕಾಲು ಕೂರುವಷ್ಟು ಅಗಲದ, ಮೂರಿಂಚಿನ ಅಲ್ಲಾಡದ ಹಲಗೆ ಬಿತ್ತು.

ಆಸ್ಪತ್ರೆಯಲ್ಲಿ ವ್ಯಾಯಾಮ ಹೇಳಿಕೊಡುವ ಹುಡುಗಿ ಬಾಯಿಪಾಠ ಮಾಡಿಸಿದ್ದಳು: ಹತ್ತುವಾಗ ಗಟ್ಟಿ ಕಾಲು ಮೊದಲು, ಇಳಿಯುವಾಗ ಕೊಯ್ದ ಕಾಲು ಮೊದಲು. ಆಪರೇಶನ್ ಮುಗಿಸಿಕೊಂಡು ಬಂದ ದಿನ ಕಾರಿಳಿದು ಜಗಲಿ ದಾಟಿ ಹಲಗೆಯ ಮುಂದೆ ನಿಂತಾಗ ಹೊಳೆಯಿತು, ನನ್ನ ಗಟ್ಟಿ ಕಾಲು ಎಡಗಾಲು. ನಾಲ್ಕು ತಲೆಮಾರಿನ ಸೊಸೆಯಂದಿರು ಬಲಗಾಲಿಟ್ಟು ಬಂದ ಬಾಗಿಲು ಇದು. ಎದುರಿಗೆ ಆರತಿ ತಟ್ಟೆ ಹಿಡಿದು ನಿಂತವಳಿಗೆ, "ಎಡಗಾಲು ಇಡ್ಬೇಕಲ್ಲೇ" ಅಂದೆ.

"ಡಾಕ್ಟ್ರು ಹೇಳಿದ ಮೇಲೆ ಎಡಗಾಲೇ ಬಲಗಾಲು. ಬೇಗ ಬನ್ನಿ, ಸಾರು ಆರ್ತದೆ."