ಪೀಠವೇರಿದ ಬೊಂಬೆ ಮತ್ತು ಹಿಟ್ಟಿನ ಕೋಳಿ

2011ರ ಅಕ್ಟೋಬರ್ ತಿಂಗಳಲ್ಲಿ ಅಮೆರಿಕದ ಅಂಗಡಿಗಳಿಗೆ ಬಂದ ‘ಸ್ಕೈಲ್ಯಾಂಡರ್ಸ್: ಸ್ಪೈರೋಸ್ ಅಡ್ವೆಂಚರ್’ ಎಂಬ ವಿಡಿಯೋ ಗೇಮ್‌ನ ಪೆಟ್ಟಿಗೆಯಲ್ಲಿ ಆಟದ ಡಿಸ್ಕ್ ಮಾತ್ರವಲ್ಲದೆ ಮೂರು ಬೊಂಬೆಗಳೂ ಒಂದು ದುಂಡನೆಯ ಪೀಠವೂ ಇದ್ದವು. ಬೊಂಬೆಗಳು ಅಂಗೈಯಲ್ಲಿ ಅಡಗುವಷ್ಟು ಚಿಕ್ಕವು; ಕೈಕಾಲು ಆಡಿಸಲು ಬಾರದ, ಒಂದೇ ಭಂಗಿಯಲ್ಲಿ ನಿಂತ ಪ್ಲಾಸ್ಟಿಕ್ ರೂಪಗಳು. ಒಂದು ನೇರಳೆ ಬಣ್ಣದ ಡ್ರ್ಯಾಗನ್, ಒಂದು ಮೀನುಮೊಗದ ಜಲಯೋಧ, ಎರಡು ಕೈಗಳಲ್ಲೂ ಪಿಸ್ತೂಲು ಹಿಡಿದ ಒಂದು ಪುಟ್ಟ ವಿಚಿತ್ರ ಜೀವಿ. ಬೊಂಬೆಯನ್ನು ಪೀಠದ ಮೇಲೆ ಇರಿಸಿದೊಡನೆ ಪೀಠ ಬೆಳಗುತ್ತದೆ. ಅದೇ ರೂಪ ಟಿವಿಯ ಪರದೆಯ ಮೇಲೆ ಚಲಿಸತೊಡಗುತ್ತದೆ. ಬೊಂಬೆಯನ್ನು ಎತ್ತಿಕೊಂಡರೆ ಪರದೆಯ ಜೀವಿಯೂ ಮರೆಯಾಗುತ್ತದೆ. ಕ್ಯಾಲಿಫೋರ್ನಿಯದ ಟಾಯ್ಸ್ ಫಾರ್ ಬಾಬ್ ಸಂಸ್ಥೆ ರೂಪಿಸಿ ಆಕ್ಟಿವಿಷನ್ ಹೊರತಂದ ಈ ಆಟ, ಆಟಿಕೆಯನ್ನೂ ಪರದೆಯ ಆಟವನ್ನೂ ಒಂದುಗೂಡಿಸಿ ಕೆಲವೇ ವರ್ಷಗಳಲ್ಲಿ ಒಂದು ಪ್ರತ್ಯೇಕ ಪ್ರಕಾರವನ್ನೇ ಹುಟ್ಟುಹಾಕಿತು.

ಆ ವರ್ಷದ ಚಳಿಗಾಲದಲ್ಲಿ, ದಕ್ಷಿಣ ಕನ್ನಡದ ಕಾಲೇಜೊಂದರಲ್ಲಿ ಮೂರು ದಶಕಗಳ ಕಾಲ ಕನ್ನಡ ಪಾಠ ಹೇಳಿ ನಿವೃತ್ತರಾದ ಜೈನ ಅಧ್ಯಾಪಕರೊಬ್ಬರು ಮಗಳ ಮನೆಗೆಂದು ಸಾನ್ ಫ್ರಾನ್ಸಿಸ್ಕೋ ಕೊಲ್ಲಿಯ ಪ್ರದೇಶಕ್ಕೆ ಹೋಗಿದ್ದರು. ಎಂಟು ವರ್ಷದ ಮೊಮ್ಮಗನಿಗೆ ಈ ಆಟ ಆಗಷ್ಟೇ ದೊರಕಿತ್ತು. ಇಬ್ಬರು ಜೊತೆಗೂಡಿ ಆಡಬಹುದಾದ ಆಟವಾದುದರಿಂದ ಹುಡುಗ ಅಜ್ಜನನ್ನು ಕರೆದ. ಅಜ್ಜ ಮೊದಲ ದಿನ ಒಪ್ಪಲಿಲ್ಲ, ಎರಡನೆಯ ದಿನವೂ ಒಪ್ಪಲಿಲ್ಲ. ಕಣ್ಣು ಸಾಲದೆಂಬ ಸಬೂಬು ಹೇಳಿದರೂ ನಿಜವಾದ ಕಾರಣ ಬೇರೆಯೇ ಇತ್ತು. ಅವರು ಅಣುವ್ರತಗಳನ್ನು ಸ್ವೀಕರಿಸಿದ ಶ್ರಾವಕರು. ಬಗೆದು ಮಾಡುವ ಹಿಂಸೆಯನ್ನು ಬಿಟ್ಟವರಿಗೆ, ಹೊಡೆಯುವುದೇ ಮುಖ್ಯವಾದ ಆಟದಲ್ಲಿ ಕೈಜೋಡಿಸುವುದು ಸಲ್ಲುತ್ತದೆಯೇ ಎಂಬ ಅಳುಕು ಅವರದು. ಇನ್ನೊಂದು ಕಡೆ, ವರ್ಷಕ್ಕೊಮ್ಮೆಯೂ ಕಾಣದ ಮೊಮ್ಮಗ ತನ್ನ ಕನ್ನಡದಲ್ಲಿ ‘ನೀವು ಬನ್ನಿ ಅಜ್ಜ’ ಎಂದು ಕರೆಯುತ್ತಿದ್ದಾನೆ. ಮೂರನೆಯ ದಿನ ಅವರು ನೆಲದ ಮೇಲೆ ದಿಂಬು ಹಾಕಿಕೊಂಡು ಕುಳಿತರು.

ಆಟದ ಮೊದಲ ಅನುಭವ ಅವರಿಗೆ ಕಣ್ಣಿನದಲ್ಲ, ಕೈಯದು. ಪರದೆಯ ಚಿತ್ರಗಳು ಎಷ್ಟೇ ಥಳಕಿನವಾದರೂ ಅವು ಪರದೆಯಲ್ಲಿಯೇ ಉಳಿಯುತ್ತವೆ. ಬೊಂಬೆಗಾದರೆ ತೂಕವಿದೆ, ಒರಟು ನುಣುಪುಗಳಿವೆ. ಜಲಯೋಧನನ್ನು ಆರಿಸಿ ಪೀಠದ ಮೇಲೆ ಇಡುವಾಗ ಅವರು ಅರಿವಿಲ್ಲದೆಯೇ ಎರಡೂ ಕೈಗಳನ್ನು ಬಳಸಿದರು. ಪೂಜೆಯ ವೇಳೆ ಬಿಂಬವನ್ನು ಪೀಠಕ್ಕೆ ಏರಿಸುವವರ ಅಭ್ಯಾಸವದು. ಪೀಠ ಬೆಳಗಿತು, ಪರದೆಯಲ್ಲಿ ಮೋಡಗಳ ನಡುವೆ ತೇಲುವ ದ್ವೀಪವೊಂದರ ಮೇಲೆ ಜಲಯೋಧ ಬಂದು ನಿಂತ. ಹುಡುಗ ಓಡುತ್ತಿದ್ದರೆ ಅಜ್ಜ ನಿಂತು ನಿಂತು ನೋಡುತ್ತಿದ್ದರು. ‘ಬೇಗ ಬನ್ನಿ ಅಜ್ಜ, ಅಲ್ಲಿ ಏನೂ ಇಲ್ಲ’ ಎಂಬುದು ಆ ಸಂಜೆ ಅವರು ಪದೇ ಪದೇ ಕೇಳಿದ ಮಾತು.

ಆಟದ ಕಥೆ ಸರಳವಾದುದು. ಸ್ಕೈಲ್ಯಾಂಡ್ಸ್ ಎಂಬ ತೇಲುದ್ವೀಪಗಳ ಲೋಕವನ್ನು ಕೆಯಾಸ್ ಎಂಬ ದುಷ್ಟ ಆಕ್ರಮಿಸಿ, ಅದನ್ನು ಕಾಯುತ್ತಿದ್ದ ಬೆಳಕಿನ ತಿರುಳನ್ನು ನಾಶಮಾಡುತ್ತಾನೆ. ಆ ಲೋಕದ ವೀರರು ಭೂಮಿಗೆ ಎಸೆಯಲ್ಪಟ್ಟು, ಇಲ್ಲಿ ಮಾಂತ್ರಿಕಶಕ್ತಿ ಇಲ್ಲದ ಕಾರಣ ಕುಗ್ಗಿ, ಮರಗಟ್ಟಿ, ಬೊಂಬೆಗಳಾಗುತ್ತಾರೆ. ಆಟಗಾರ ಅವರನ್ನು ಪೀಠದ ಮೂಲಕ ಮರಳಿ ಕಳುಹಿಸಬೇಕು. ಅಂಗಡಿಯಲ್ಲಿ ಕೊಂಡ ಆಟಿಕೆಗೆ ಹೀಗೆ ಒಂದು ಪೂರ್ವಜನ್ಮವನ್ನೇ ಕಲ್ಪಿಸಲಾಗಿದೆ. ಜನ್ಮಾಂತರದ ಕಥನವನ್ನು ಓದಿಸುತ್ತಲೇ ಆಯುಷ್ಯ ಕಳೆದ ಅಧ್ಯಾಪಕರ ಆಸಕ್ತಿ ಕೆರಳಿದ್ದು ಇಲ್ಲಿ.

ಬೊಂಬೆಯ ಒಳಗುಟ್ಟನ್ನು ವಿವರಿಸಿದವಳು ಎಂಜಿನಿಯರ್ ಆದ ಮಗಳು. ಬೊಂಬೆಯ ಅಡಿಯ ಬಿಲ್ಲೆಯೊಳಗೆ ಒಂದು ಸಣ್ಣ ಚಿಪ್ ಇದೆ. ಅದಕ್ಕೆ ಬ್ಯಾಟರಿ ಇಲ್ಲ. ಪೀಠ ಹೊಮ್ಮಿಸುವ ರೇಡಿಯೋ ಕ್ಷೇತ್ರದಿಂದಲೇ ಅದು ಕ್ಷಣಕಾಲ ಶಕ್ತಿ ಪಡೆದು ತನ್ನಲ್ಲಿರುವುದನ್ನು ತಿಳಿಸುತ್ತದೆ, ಹೊಸದನ್ನು ಬರೆಸಿಕೊಳ್ಳುತ್ತದೆ. ಅದರ ನೆನಪಿನ ಪ್ರಮಾಣ ಒಂದೇ ಒಂದು ಕಿಲೋಬೈಟ್. ಬೊಂಬೆ ಗಳಿಸಿದ ಅನುಭವದ ಅಂಕ, ಕೂಡಿಟ್ಟ ಚಿನ್ನ, ಕಲಿತ ವಿದ್ಯೆಗಳು, ತೊಟ್ಟ ಟೋಪಿ, ಒಡೆಯ ಇಟ್ಟ ಹೆಸರು ಇವೆಲ್ಲ ಆ ಒಂದು ಕಿಲೋಬೈಟಿನಲ್ಲಿವೆ. ಗೆಳೆಯನ ಮನೆಗೆ ಕೊಂಡೊಯ್ದು, ಬೇರೆ ಕಂಪನಿಯ ಕನ್ಸೋಲ್‌ಗೆ ಜೋಡಿಸಿದ ಪೀಠದ ಮೇಲೆ ಇಟ್ಟರೂ ಬೊಂಬೆ ತನ್ನ ಗಳಿಕೆಯೊಡನೆಯೇ ಏಳುತ್ತದೆ.

ಕರ್ಮವು ಪೌದ್ಗಲಿಕ ಎಂಬ ಸಿದ್ಧಾಂತವನ್ನು ಬಲ್ಲವರಿಗೆ ಇಲ್ಲಿ ಹೋಲಿಕೆಯೊಂದು ತಾನಾಗಿ ತೋರುತ್ತದೆ. ಜೈನದರ್ಶನದಲ್ಲಿ ಕರ್ಮವು ಬರಿಯ ಸಂಸ್ಕಾರವಲ್ಲ, ಲೆಕ್ಕ ಬರೆಯುವ ದೇವರ ಪುಸ್ತಕವೂ ಅಲ್ಲ. ಅತಿ ಸೂಕ್ಷ್ಮವಾದ ದ್ರವ್ಯ. ಮನೋವಾಕ್ಕಾಯಗಳ ಚಲನೆಯಿಂದ ಅದು ಜೀವದೆಡೆಗೆ ಹರಿದುಬಂದು ಕಷಾಯದ ಅಂಟಿನಿಂದ ಕಟ್ಟಿಕೊಳ್ಳುತ್ತದೆ. ಮಾಡಿದ್ದೆಲ್ಲ ಕಣ್ಣಿಗೆ ಕಾಣದ ಒಂದು ಚೂರು ದ್ರವ್ಯದಲ್ಲಿ ಬರೆದುಕೊಳ್ಳುತ್ತದೆ ಎಂಬುದನ್ನು ತರಗತಿಯಲ್ಲಿ ವಿವರಿಸಲು ಅವರು ಎಷ್ಟೋ ಉಪಮಾನಗಳನ್ನು ಹುಡುಕಿದ್ದರು. ಇಲ್ಲಿ ಅದು ಪ್ಲಾಸ್ಟಿಕ್ ಬಿಲ್ಲೆಯೊಳಗೆ ಸಿದ್ಧವಾಗಿತ್ತು.

ಆದರೆ ಹೋಲಿಕೆ ಬಹುದೂರ ಸಾಗುವುದಿಲ್ಲ. ಅದು ಮುರಿಯುವ ಸ್ಥಳವೇ ಹೆಚ್ಚು ಅರ್ಥಪೂರ್ಣವಾದುದು. ಪಂಪನ ಆದಿಪುರಾಣದಲ್ಲಿ ಲಲಿತಾಂಗನು ವಜ್ರಜಂಘನಾಗಿ ಹುಟ್ಟುತ್ತಾನೆ, ಸ್ವಯಂಪ್ರಭೆ ಶ್ರೀಮತಿಯಾಗಿ ಹುಟ್ಟುತ್ತಾಳೆ. ದೇಹಗಳು ಬೇರೆ, ಜೀವಗಳು ಅವೇ. ಶ್ರೀಮತಿಗೆ ಜಾತಿಸ್ಮರಣೆ ಉಂಟಾದಾಗ ಹಿಂದಿನ ಭವದ ಬಾಳನ್ನು ಪಟದಲ್ಲಿ ಚಿತ್ರಿಸಬಲ್ಲಳು. ಅದು ಹೊಸ ದೇಹದಲ್ಲಿ ಎಚ್ಚೆತ್ತ ಹಳೆಯ ನೆನಪು. ಬೊಂಬೆಯ ಆಟದಲ್ಲಿ ಕ್ರಮ ತಲೆಕೆಳಗಾಗಿದೆ. ಇಲ್ಲಿ ದೇಹ ಅದೇ, ನೆನಪು ಆ ದೇಹಕ್ಕೇ ಅಂಟಿದೆ. ನಡೆಸುವ ಜೀವ ಮಾತ್ರ ಬದಲಾಗುತ್ತಿರುತ್ತದೆ. ಇಂದು ಮೊಮ್ಮಗ, ನಾಳೆ ಅವನ ಗೆಳೆಯ, ನಡುವೆ ಒಂದು ಸಂಜೆ ಅಜ್ಜ. ಗಳಿಕೆಯೆಲ್ಲ ಬೊಂಬೆಯ ಲೆಕ್ಕಕ್ಕೆ ಸೇರುತ್ತದೆ. ಆಡಿದವನ ಲೆಕ್ಕ ಎಲ್ಲಿ ಬರೆಯಲ್ಪಡುತ್ತದೆ ಎಂಬ ಪ್ರಶ್ನೆಗೆ ಆಟದಲ್ಲಿ ಉತ್ತರವಿಲ್ಲ.

ಆಟ ಮುಂದುವರಿದಂತೆ ದಾರಿಯಲ್ಲಿ ಮುಚ್ಚಿದ ಬಾಗಿಲುಗಳು ಎದುರಾದವು. ಮ್ಯಾಜಿಕ್, ಟೆಕ್, ನೀರು, ಬೆಂಕಿ, ಗಾಳಿ, ಭೂಮಿ, ಲೈಫ್, ಅನ್‌ಡೆಡ್ ಎಂಬ ಎಂಟು ವರ್ಗಗಳಿಗೆ ಬೊಂಬೆಗಳನ್ನು ಹಂಚಲಾಗಿದೆ. ಪೆಟ್ಟಿಗೆಯಲ್ಲಿ ಬಂದ ಮೂರು ಬೊಂಬೆಗಳು ಮ್ಯಾಜಿಕ್, ನೀರು ಮತ್ತು ಟೆಕ್ ವರ್ಗಗಳವು. ಬೆಂಕಿಯ ಬಾಗಿಲು ತೆರೆಯಬೇಕಾದರೆ ಬೆಂಕಿಯ ಬೊಂಬೆಯನ್ನು ಬೇರೆಯಾಗಿ ಕೊಳ್ಳಬೇಕು. ಮುಖ್ಯ ಕಥೆಯನ್ನು ಮೂರರಿಂದಲೇ ಮುಗಿಸಬಹುದಾದರೂ ಬಾಗಿಲು ಕಣ್ಣೆದುರು ನಿಂತಿರುತ್ತದೆ. ಮೊದಲ ಆಟಕ್ಕಾಗಿಯೇ ಮೂವತ್ತೆರಡು ಪಾತ್ರಗಳಿದ್ದವು. ಹುಡುಗನಿಗೆ ಆ ಹೆಸರುಗಳೆಲ್ಲ ಬಾಯಿಪಾಠ. ಇಲ್ಲದ ಬೊಂಬೆಗಳ ಚಿತ್ರದ ಹಾಳೆಯನ್ನು ಅವನು ಮಂಚದ ಬಳಿ ಅಂಟಿಸಿಕೊಂಡಿದ್ದ. ಪರಿಗ್ರಹಕ್ಕೆ ಮೂರ್ಛೆ ಎಂಬ ಹೆಸರು ಶಾಸ್ತ್ರದಲ್ಲಿದೆ: ವಸ್ತುವಿಗಿಂತ ಅದರಲ್ಲಿ ಮನಸ್ಸು ಮೈಮರೆಯುವುದೇ ಪರಿಗ್ರಹ. ಆ ಹಾಳೆಯನ್ನು ನೋಡಿದಾಗ ಅಜ್ಜನಿಗೆ, ಕೈಯಲ್ಲಿಲ್ಲದ ವಸ್ತುವಿನಿಂದಲೂ ಪರಿಗ್ರಹ ಸಾಧ್ಯ ಎಂಬ ವ್ಯಾಖ್ಯಾನಕಾರರ ಮಾತು ಎಷ್ಟು ದಿಟವೆಂದು ಹೊಳೆಯಿತು.

ಅವರು ಅಂಜಿದ್ದ ಗಳಿಗೆಯೂ ಬಂದಿತು. ಚಾಂಪಿ ಎಂಬ, ದೊಡ್ಡ ಬಾಯಿಯ ಹಸಿರು ಜಂತುಗಳ ಹಿಂಡು ನೆಲದಿಂದೆದ್ದು ಮುತ್ತಿತು. ಶ್ರಾವಕಾಚಾರದಲ್ಲಿ ಹಿಂಸೆಯನ್ನು ಸಂಕಲ್ಪೀ, ಆರಂಭೀ, ಉದ್ಯೋಗೀ, ವಿರೋಧೀ ಎಂದು ನಾಲ್ಕಾಗಿ ವಿಂಗಡಿಸುವುದುಂಟು. ಮೈಮೇಲೆ ಬಿದ್ದವರನ್ನು ತಡೆಯುವುದು ವಿರೋಧೀ ಹಿಂಸೆ; ಗೃಹಸ್ಥನಿಗೆ ಅದು ಪೂರ್ಣವಾಗಿ ಬಿಡಲಾಗದು. ಅಜ್ಜ ಗುಂಡಿ ಒತ್ತಿದರು, ಜಂತುಗಳು ಮಾಯವಾದವು. ಅಲ್ಲಿಯವರೆಗೆ ತೊಡಕಿರಲಿಲ್ಲ. ಮುಂದಿನ ತಿರುವಿನಲ್ಲಿ ಎರಡು ಚಾಂಪಿಗಳು ದೂರದಲ್ಲಿ ಉಳಿದಿದ್ದವು. ಅವನ್ನು ಬಿಟ್ಟು ಮುಂದೆ ಸಾಗಬಹುದಿತ್ತು. ಅವರು ಹಿಂದಿರುಗಿ ಹೋಗಿ ಹುಡುಕಿ ಹೊಡೆದರು. ಆಗ ಹೆಬ್ಬೆರಳು ಗುಂಡಿಯ ಮೇಲೆ ಬಿಗಿದುಕೊಂಡಿದ್ದುದನ್ನೂ, ಮನಸ್ಸಿನಲ್ಲೊಂದು ಸಣ್ಣ ಹಿಗ್ಗು ಮೂಡಿದ್ದನ್ನೂ ಅವರು ಗಮನಿಸಿದರು. ಸ್ವಲ್ಪ ಹೊತ್ತಿನಲ್ಲಿ ಅವರ ಜಲಯೋಧನೇ ಪೆಟ್ಟು ತಿಂದು ಉರುಳಿದ. ‘ಸತ್ತನೇ?’ ಎಂದು ಕೇಳಿದರು. ‘ಇಲ್ಲ ಅಜ್ಜ, ಸುಸ್ತಾಗಿದೆ ಅಷ್ಟೆ. ಬೇರೆ ಬೊಂಬೆ ಇಡಿ, ಇವನು ಆಮೇಲೆ ಬರ್ತಾನೆ’ ಎಂದ ಹುಡುಗ. ಆಟದಲ್ಲಿ ವೀರರಿಗೆ ಸಾವಿಲ್ಲ, ವಿಶ್ರಾಂತಿ ಮಾತ್ರ.

ಚಳಿಗಾಲದಲ್ಲಿ ಅಲ್ಲಿ ಐದು ಗಂಟೆಗೇ ಹೊತ್ತು ಮುಳುಗುವುದರಿಂದ ಅಜ್ಜನ ಊಟವೂ ಬೇಗ. ಉಣ್ಣುವಾಗ ಅವರು ಆಟದ ತಪ್ಪೊಪ್ಪುಗಳನ್ನು ಹೇಳಲಿಲ್ಲ. ಯಶೋಧರನ ಕಥೆ ಹೇಳಿದರು. 1209ರಲ್ಲಿ ಜನ್ನ ರಚಿಸಿದ ಯಶೋಧರ ಚರಿತೆ ಮಗುವಿಗೆ ಹೇಳಲು ಸುಲಭವಾದ ಕಾವ್ಯವಲ್ಲ. ಅಮೃತಮತಿಯ ಪ್ರಸಂಗವನ್ನು ಬದಿಗಿಟ್ಟು ಅವರು ನೇರವಾಗಿ ಬಲಿಯ ಪ್ರಸಂಗಕ್ಕೆ ಬಂದರು. ಕೆಟ್ಟ ಕನಸಿನ ಶಾಂತಿಗಾಗಿ ಪ್ರಾಣಿಬಲಿ ಕೊಡಬೇಕೆಂದು ತಾಯಿ ಚಂದ್ರಮತಿ ಹಟ ಹಿಡಿಯುತ್ತಾಳೆ. ಜೀವವಧೆಗೆ ಒಪ್ಪದ ಯಶೋಧರ, ತಾಯಿಯ ಮಾತನ್ನೂ ಮೀರಲಾರದೆ, ಹಿಟ್ಟಿನಿಂದ ಮಾಡಿದ ಕೋಳಿಯನ್ನು ಬಲಿ ಕೊಡುತ್ತಾನೆ. ಕತ್ತಿ ತಗುಲಿದಾಗ ಹಿಟ್ಟಿನ ಕೋಳಿ ಕೂಗುತ್ತದೆ. ಅದರೊಳಗೆ ಬೆಂತರವೊಂದು ಹೊಕ್ಕಿತ್ತು. ಆ ಒಂದು ಕೃತ್ಯದ ಫಲವಾಗಿ ತಾಯಿಮಕ್ಕಳು ನವಿಲು, ನಾಯಿಗಳಾಗಿ ಹುಟ್ಟಿ, ಮುಂದೆಯೂ ಪ್ರಾಣಿಜನ್ಮಗಳಲ್ಲಿ ತೊಳಲಿ, ಕಡೆಗೆ ಕೋಳಿಗಳಾಗಿ ಸತ್ತು ಅಭಯರುಚಿ, ಅಭಯಮತಿಯರಾಗಿ ಮನುಷ್ಯಜನ್ಮ ಪಡೆಯುತ್ತಾರೆ.

ಹುಡುಗ ಬಹಳ ಹೊತ್ತು ಯೋಚಿಸಿ ಕೇಳಿದ: ‘ಹಿಟ್ಟಿನ ಕೋಳಿಯೊಳಗೂ ಚಿಪ್ ಇತ್ತಾ ಅಜ್ಜ?’

‘ಕೋಳಿಯೊಳಗೆ ಇರಲಿಲ್ಲ ಮಗಾ. ಕತ್ತಿ ಹಿಡಿದವನೊಳಗೆ ಇತ್ತು’ ಎಂದರು ಅಜ್ಜ.

‘ಹಾಗಾದರೆ ನಾಳೆ ಆಡೋದು ಬೇಡವಾ?’ ಎಂಬುದು ಹುಡುಗನ ಮುಂದಿನ ಪ್ರಶ್ನೆ. ಅದರಲ್ಲಿ ಭಯವಿತ್ತು. ಬೇಡವೆಂದಿದ್ದರೆ ಅವನು ಅಜ್ಜನಿಗಾಗಿ ಬಿಟ್ಟುಬಿಡುತ್ತಿದ್ದನೇನೋ. ಆದರೆ ಆ ಬಿಡುವಿಕೆ ವ್ರತವಾಗದೆ ಅಂಜಿಕೆಯಾಗುತ್ತಿತ್ತು. ಯಶೋಧರನೂ ತಾಯಿಯ ಮಾತಿಗೆ ಮಣಿದೇ ಕತ್ತಿ ಹಿಡಿದವನು. ಒಲ್ಲದ ಮನಸ್ಸಿನಿಂದ ಹಿರಿಯರ ಇಚ್ಛೆಯನ್ನು ನಡೆಸುವುದರಲ್ಲಿರುವ ಅಪಾಯವನ್ನು ಆ ಕಾವ್ಯ ಬಲ್ಲದು. ‘ಆಡೋಣ. ಓಡಿಹೋಗುವವರನ್ನು ಹುಡುಕಿಕೊಂಡು ಹೋಗುವುದು ಬೇಡ’ ಎಂದು ಅವರು ಹೇಳಿದರು. ಮರುದಿನದಿಂದ ಆ ಮನೆಯ ಆಟಕ್ಕೆ ಪೆಟ್ಟಿಗೆಯಲ್ಲಿ ಅಚ್ಚಾಗಿರದ ನಿಯಮವೊಂದು ಸೇರಿತು. ಅದನ್ನು ಹೆಚ್ಚು ಸಲ ಮರೆತವರು ಅಜ್ಜ, ನೆನಪಿಸಿದವನು ಮೊಮ್ಮಗ.

ಬೊಂಬೆಗಳ ಈ ಬಗೆಯ ಆಟಗಳು ಬಹುಕಾಲ ಬಾಳಲಿಲ್ಲ. 2013ರಲ್ಲಿ ಬಂದ ಡಿಸ್ನಿ ಇನ್ಫಿನಿಟಿ 2016ರಲ್ಲಿ ನಿಂತಿತು. ಸ್ಕೈಲ್ಯಾಂಡರ್ಸ್ ಸರಣಿಯ ಕನ್ಸೋಲ್ ಆಟಗಳೂ ಅದೇ ವರ್ಷದ ‘ಇಮ್ಯಾಜಿನೇಟರ್ಸ್’ನೊಡನೆ ಕೊನೆಗೊಂಡವು. ಈಗ ಎಷ್ಟೋ ಮನೆಗಳ ಡಬ್ಬಗಳಲ್ಲಿ, ತಮ್ಮ ಗಳಿಕೆಯನ್ನು ಅಡಿಯ ಬಿಲ್ಲೆಯಲ್ಲಿ ಹೊತ್ತುಕೊಂಡು, ಪೀಠವಿಲ್ಲದೆ ಬೊಂಬೆಗಳು ಬಿದ್ದಿವೆ. ಹೊಸ ಒಡೆಯ ಬಯಸಿದರೆ ಆಟದೊಳಗಿನ ಒಂದು ಆಯ್ಕೆಯಿಂದ ಅವುಗಳ ನೆನಪನ್ನೆಲ್ಲ ಅಳಿಸಿ ಮೊದಲಿನಂತೆ ಮಾಡಬಹುದು. ಇದನ್ನು ನಿರ್ಜರೆಯೊಡನೆ ಹೋಲಿಸಲಾಗದು. ನಿರ್ಜರೆಯಲ್ಲಿ ಕಟ್ಟಿಕೊಂಡವನೇ ತಪದಿಂದ ಉದುರಿಸಬೇಕು; ಇಲ್ಲಿ ಹೊರಗಿನವನೊಬ್ಬ ಕ್ಷಣದಲ್ಲಿ ಒರಸುತ್ತಾನೆ.

ಯಶೋಧರ ಚರಿತೆಯನ್ನು ಓದುವ ವಿದ್ಯಾರ್ಥಿಗಳು ಕೇಳುವ ಪ್ರಶ್ನೆಯೊಂದುಂಟು: ಸಂಕಲ್ಪವೇ ಹಿಂಸೆಯೆಂದ ಮೇಲೆ ಹಿಟ್ಟಿನ ಕೋಳಿ ಏಕೆ ಕೂಗಬೇಕು? ಬೆಂತರ ಹೊಕ್ಕಿತೆಂದರೆ ಒಳಗೆ ಜೀವವೊಂದು ಇದ್ದಂತಾಗಿ, ವಾದ ಸಡಿಲವಾಗುವುದಿಲ್ಲವೇ? ತರಗತಿಯಲ್ಲಿ ಇದನ್ನು ಅದ್ಭುತರಸದ ಸೇರ್ಪಡೆಯೆಂದು ವಿವರಿಸುವುದು ವಾಡಿಕೆ. ಬೊಂಬೆಯ ಆಟದ ಬಳಿಕ ಅಧ್ಯಾಪಕರಿಗೆ ಬೇರೊಂದು ಉತ್ತರ ಸರಿಯೆನಿಸಿತು. ಕರ್ಮಬಂಧ ಕೂಗಿನಿಂದ ಆದುದಲ್ಲ. ಕತ್ತಿ ಎತ್ತಿದಾಗಲೇ ಆಗಿತ್ತು. ಆದರೆ ಒಳಗೆ ನಡೆದುದು ಕಣ್ಣಿಗೆ ಕಾಣದು, ಕಿವಿಗೆ ಕೇಳದು. ಹಿಟ್ಟು ಹಿಟ್ಟಾಗಿಯೇ ಉಳಿದಿದ್ದರೆ ಯಶೋಧರ ತಾನು ಪಾಪದಿಂದ ಪಾರಾದೆನೆಂದೇ ಮನೆಗೆ ಮರಳುತ್ತಿದ್ದ. ತನ್ನ ಕೈ ಮಾಡಿದುದನ್ನು ಅವನ ಕಿವಿಗೆ ತಲಪಿಸುವುದಷ್ಟೇ ಆ ಕೂಗಿನ ಕೆಲಸ. ಚಾಂಪಿಗಳು ಕೂಗಿದರೂ ಮಾಯವಾದರೂ ಲೆಕ್ಕ ಬದಲಾಗದು. ಹೆಬ್ಬೆರಳ ಬಿಗಿತವನ್ನು ಗಮನಿಸುವವರು ಬೇಕು.